ಹುಲ್ಲೆಯ ಹಾದಿಯಲ್ಲಿ ದೇವಲಾಪುರಕ್ಕೆ

ಮಂಡ್ಯ ಜಿಲ್ಲೆಯೆಂದೊಡನೆ ನಗರವಾಸಿಗಳ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ: ಕನ್ನಂಬಾಡಿಯ ನೀರು, ವಿಶ್ವೇಶ್ವರಯ್ಯ ನಾಲೆ, ಅದರ ಇಕ್ಕೆಲಗಳಲ್ಲಿ ತಲೆದೂಗುವ ಕಬ್ಬು ಮತ್ತು ಬತ್ತ, ಆಲೆಮನೆಯ ಹೊಗೆಯೊಡನೆ ತೇಲಿಬರುವ ಬೆಲ್ಲದ ಕಂಪು. ಈ ಚಿತ್ರ ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಶ್ರೀರಂಗಪಟ್ಟಣದಿಂದ ಉತ್ತರಾಭಿಮುಖವಾಗಿ ಹೊರಟ ಹೆದ್ದಾರಿಯಲ್ಲಿ ಪಾಂಡವಪುರವನ್ನು ದಾಟಿ, ಜಕ್ಕನಹಳ್ಳಿಯ ಮೇಲೆ ನಾಗಮಂಗಲದ ಕಡೆಗೆ ಸಾಗಿದವರಿಗೆ ಮಿಕ್ಕ ಅರ್ಧದ ದರ್ಶನವಾಗುತ್ತದೆ. ಹಸುರು ಹಿಂದೆ ಸರಿಯುತ್ತದೆ, ನೆಲ ಮೇಲೇರುತ್ತದೆ, ಕಬ್ಬಿನ ಜಾಗಕ್ಕೆ ರಾಗಿ, ಹುರುಳಿ ಬರುತ್ತವೆ. ಕೆಂಪು ಮಣ್ಣು, ಕರಿಯ ಬಂಡೆ, ಕುರುಚಲು ಗಿಡ, ಅಲ್ಲಲ್ಲಿ ತೆಂಗಿನ ತೋಟ, ಮಳೆಯ ದಾರಿ ಕಾಯುತ್ತಿರುವ ಕೆರೆ. ನಾಗಮಂಗಲ ತಾಲ್ಲೂಕಿನ ದೇವಲಾಪುರ ಈ ಮೇಡುನಾಡಿನ ಒಂದು ಹೋಬಳಿಯ ಊರು. ಅಲ್ಲಿಗೆ ನಾನು ಹೊರಟದ್ದು ಯುಗಾದಿ ಕಳೆದ ವಾರ, ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ. ಗುಡಿಗೋಪುರಗಳಿಗಾಗಿ ಹೋದದ್ದಲ್ಲ; ಒಂದು ಹಳೆಯ ಶಬ್ದದ ಬೆನ್ನುಹತ್ತಿ ಹೋದದ್ದು.

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವರಿಗೆ ಬೇಟೆಯ ವರ್ಣನೆ ಹೊಸದಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದಿಂದ ಹಿಡಿದು ನಮ್ಮ ಕವಿಗಳು ಬೇಟೆಗೆ ಕಾವ್ಯದಲ್ಲಿ ಧಾರಾಳವಾಗಿ ಎಡೆಕೊಟ್ಟಿದ್ದಾರೆ. ಅವರು ಅದನ್ನು ‘ಬೇಂಟೆ’ ಎನ್ನುತ್ತಾರೆ. ಅದೇ ಕವಿಗಳು ಪ್ರಣಯಕ್ಕೆ ಬಳಸುವ ಮಾತು ‘ಬೇಟ’. ಶಬ್ದಗಳ ವ್ಯುತ್ಪತ್ತಿ ಏನೇ ಇರಲಿ, ಕಿವಿಗೆ ಎರಡೂ ಅಕ್ಕತಂಗಿಯರಂತೆ ಕೇಳಿಸುತ್ತವೆ. ಇವೆರಡರ ನಡುವೆ ನಿಲ್ಲುವ ಮೂರನೆಯ ಶಬ್ದವೊಂದಿದೆ: ‘ದೀವ’. ಕಾಡಿನ ಮೃಗವನ್ನು ಸೆಳೆದು ತರಲು ಬೇಟೆಗಾರನು ಸಾಕಿ ಪಳಗಿಸಿದ ಮೃಗಕ್ಕೆ ದೀವವೆಂದು ಹೆಸರು. ಆ ಪದ ಬಂದಾಗಲೆಲ್ಲ ತರಗತಿಯಲ್ಲಿ ಯಾರಾದರೊಬ್ಬರು, “ಜಿಂಕೆಯನ್ನು ತೋರಿಸಿ ಜಿಂಕೆಯನ್ನು ಹಿಡಿಯುವುದು ಹೇಗೆ ಸಾರ್?” ಎಂದು ಕೇಳುವುದುಂಟು. ಉತ್ತರ ನಿಘಂಟಿನಲ್ಲಿ ಮುಗಿಯುವಂಥದಲ್ಲ, ಹುಲ್ಲೆಯ ನಡತೆಯಲ್ಲಿದೆ. ದೇವಲಾಪುರದವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ನಮ್ಮ ತಾತನಿಗೆ ಇಂಥವೆಲ್ಲ ಗೊತ್ತು, ಒಮ್ಮೆ ಬನ್ನಿ” ಎಂದು ಕರೆದ. ಹೊರಟೆ.

ನೆಲದ ಒಡೆಯ

ನಾವು ಜಿಂಕೆಯೆಂದು ಒಟ್ಟಾಗಿ ಕರೆಯುವ ಪ್ರಾಣಿಗಳಲ್ಲಿ ಎರಡು ಕುಲಗಳಿವೆ. ಬಂಡೀಪುರ, ನಾಗರಹೊಳೆಗಳಲ್ಲಿ ಕಾಣುವ ಚುಕ್ಕೆ ಜಿಂಕೆ, ಕಡವೆ ಇವು ನಿಜವಾದ ಜಿಂಕೆಗಳು. ಇವುಗಳ ಗಂಡಿಗೆ ಕವಲೊಡೆದ ಕೊಂಬು. ಅದು ಉದುರಿ ಮತ್ತೆ ಮೂಡುತ್ತದೆ. ಬಯಲಿನ ಹುಲ್ಲೆಯ ಕುಲವೇ ಬೇರೆ. ಇದನ್ನೇ ಹಳಗನ್ನಡದಲ್ಲಿ ಎರಳೆ, ಉತ್ತರ ಕರ್ನಾಟಕದಲ್ಲಿ ಚಿಗರಿ, ಸಂಸ್ಕೃತದಲ್ಲಿ ಕೃಷ್ಣಮೃಗ ಎನ್ನುವರು. ಇದರ ಕೊಂಬಿಗೆ ಕವಲಿಲ್ಲ. ತಿರುಪಿನಂತೆ ಸುತ್ತುಸುತ್ತಾಗಿ ಮೇಲೇರುತ್ತದೆ. ಒಮ್ಮೆ ಮೂಡಿದ್ದು ಉದುರುವುದಿಲ್ಲ. ಹೆಣ್ಣು ಕಂದುಬಣ್ಣದ ಸಾಧು ಪ್ರಾಣಿ. ಬಲಿತ ಗಂಡು ಮಾತ್ರ ಮೇಲೆ ಕರಿಯ ಶಾಲು ಹೊದ್ದು, ಹೊಟ್ಟೆಗೆ ಬಿಳಿಯ ಪಂಚೆ ಸುತ್ತಿದ ಠೀವಿಯದು. ಎಲ್ಲಿ ಕೃಷ್ಣಮೃಗವು ಸಹಜವಾಗಿ ಅಡ್ಡಾಡುವುದೋ ಆ ದೇಶವೇ ಯಜ್ಞಕ್ಕೆ ಯೋಗ್ಯವಾದುದೆಂದು ಮನುಸ್ಮೃತಿ ಹೇಳುತ್ತದೆ. ಒಂದು ನಾಡಿನ ಯೋಗ್ಯತೆಯನ್ನು ಅಳೆಯಲು ನಮ್ಮ ಹಿರಿಯರು ಆರಿಸಿಕೊಂಡ ಗುರುತು ಈ ಪ್ರಾಣಿ.

ಹುಲ್ಲೆಗೆ ವರ್ಷವಿಡೀ ಮರಿಯಾಗುವುದುಂಟಾದರೂ ಬೆದೆಗಾಲ ಎರಡು ಸಲ ಬಲವಾಗಿ ಬರುತ್ತದೆ: ಮಾರ್ಚಿಯಿಂದ ಮೇವರೆಗೆ ಒಮ್ಮೆ, ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಇನ್ನೊಮ್ಮೆ. ಆಗ ಬಲಿತ ಗಂಡು ಬಯಲಿನಲ್ಲಿ ತನ್ನದೆಂದು ಒಂದು ತುಂಡು ನೆಲವನ್ನು ಹಿಡಿಯುತ್ತದೆ. ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಕಣ್ಣಿನ ಬಳಿಯ ಗ್ರಂಥಿಯ ರಸವನ್ನು ಹುಲ್ಲುಕಡ್ಡಿಗಳಿಗೆ ಒರೆಸುತ್ತದೆ. ಅದೇ ಅದರ ಎಲ್ಲೆಕಲ್ಲು. ಹೆಣ್ಣು ಬಂದರೆ ಮೂತಿಯನ್ನು ಮೇಲೆತ್ತಿ, ಕೊಂಬನ್ನು ಬೆನ್ನಿನ ಮೇಲೆ ಮಲಗಿಸಿ, ಗುಟುರುಹಾಕುತ್ತ ಸುತ್ತುತ್ತದೆ. ಇನ್ನೊಂದು ಗಂಡು ಕಾಲಿಟ್ಟರೆ ಅದೇ ಕೊಂಬು ಮುಂದಕ್ಕೆ ಬಾಗುತ್ತದೆ.

ಬೇಟೆಗಾರನ ದೃಷ್ಟಿಯಲ್ಲಿ ನಡುಹಗಲು ನಿರುಪಯೋಗಿ. ಮೃಗಗಳು ಮುಂಜಾನೆ, ಮುಸ್ಸಂಜೆಗಳಲ್ಲಿ ಮೇದು, ಬಿಸಿಲೇರಿದಾಗ ನೆರಳು ಸೇರುತ್ತವೆ. ಬೆದೆಗಾಲದಲ್ಲಿ ಮಾತ್ರ ಈ ನಿಯಮ ಸಡಿಲುತ್ತದೆ. ಹೆಣ್ಣುಗಳ ಹಿಂಡು ನೆರಳಿನಲ್ಲಿ ಮೆಲುಕು ಹಾಕುತ್ತಿರುವಾಗಲೂ ನೆಲದ ಒಡೆಯ ತನ್ನ ನೆಲವನ್ನು ಸುಲಭವಾಗಿ ಬಿಟ್ಟುಹೋಗದು. ಬಿಟ್ಟರೆ ಮತ್ತೊಬ್ಬ ಬಂದಾನೆಂಬ ಆತಂಕ. ಮೇವು ಕಡಿಮೆ, ನಿದ್ದೆ ಕಡಿಮೆ. ಮೈಯೆಲ್ಲ ಕಣ್ಣಾಗಿದ್ದ ಪ್ರಾಣಿಗೆ ಈಗ ಎರಡೇ ಚಿಂತೆ, ಹೆಣ್ಣು ಮತ್ತು ಹಗೆ. ಪರದೇಶಗಳಲ್ಲೂ ಹೀಗೆಯೇ. ಅಮೆರಿಕದ ಬಿಳಿಬಾಲದ ಜಿಂಕೆ ನವೆಂಬರ್ ಸುಮಾರಿಗೆ ಬೆದೆಗೆ ಬರುತ್ತದೆ. ಅಲ್ಲಿ ಪರವಾನಗಿ ಪಡೆದ ಬೇಟೆಗಾರರು ಆ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೂ ಮನೆಗೆ ಮರಳದೆ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತಿರುತ್ತಾರೆ. ಬೇರೆ ದಿನಗಳಲ್ಲಿ ಕತ್ತಲಲ್ಲದೆ ಹೊರಬಾರದ ಗಂಡು, ಬೆದೆಗಾಲದಲ್ಲಿ ಹೆಣ್ಣನ್ನು ಅರಸುತ್ತ ಹಾಡುಹಗಲಲ್ಲಿ ಎದುರಿಗೆ ಬರುತ್ತದೆಂಬುದು ಅವರ ಲೆಕ್ಕ.

ಶ್ರೀರಂಗಪಟ್ಟಣದ ಸಿವಂಗಿಗಳು

ಈ ಹಾದಿಯ ಮೊದಲ ನಿಲುಗಡೆ ಶ್ರೀರಂಗಪಟ್ಟಣ. ಪ್ರವಾಸಿಗರು ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್‌ಗಳನ್ನು ನೋಡಿ ಮುಂದೆ ಹೋಗುತ್ತಾರೆ. ಹುಲಿಯ ಲಾಂಛನ ಹೊತ್ತ ಟೀಪುವಿನ ಅರಮನೆಯಲ್ಲಿ ಹುಲಿಗಳಷ್ಟೇ ಅಲ್ಲದೆ ಬೇಟೆಗೆಂದು ಪಳಗಿಸಿದ ಚೀತಾಗಳೂ ಇದ್ದವೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ನಮ್ಮ ಚಿರತೆಯಲ್ಲ ಇದು. ಹಿಂದಿನವರು ಸಿವಂಗಿಯೆನ್ನುತ್ತಿದ್ದ, ನೀಳಗಾಲಿನ, ಓಟಕ್ಕೆಂದೇ ಹುಟ್ಟಿದ ಬೇರೊಂದು ಮೃಗ. 1799ರಲ್ಲಿ ಕೋಟೆ ಬಿದ್ದ ಮೇಲೆ ಅವು ಇಂಗ್ಲಿಷರ ವಶವಾದವು.

ಸಿವಂಗಿಯ ಬೇಟೆ ಹಗಲಿನ ಆಟ. ಮೃಗಕ್ಕೆ ಕಣ್ಣುಪಟ್ಟಿ ಕಟ್ಟಿ ಎತ್ತಿನ ಗಾಡಿಯ ಮೇಲೆ ಕೂರಿಸಿ ಬಯಲಿಗೆ ಒಯ್ಯುತ್ತಿದ್ದರು. ದಿನವೂ ರೈತರ ಗಾಡಿಗಳನ್ನು ಕಂಡು ಬಳಕೆಯಾದ ಹುಲ್ಲೆಗಳು ಅದಕ್ಕೆ ಬೆದರುತ್ತಿರಲಿಲ್ಲ. ಗಾಡಿ ಹಿಂಡನ್ನು ಬಳಸಿ ಬಳಸಿ ಹತ್ತಿರವಾಗುತ್ತಿತ್ತು. ಆಗ ಪಟ್ಟಿ ಬಿಚ್ಚಿ ಬಿಟ್ಟರೆ ಕೆಲವೇ ಕ್ಷಣಗಳ ಓಟ. ಗೆದ್ದರೆ ಗೆದ್ದಂತೆ, ತಪ್ಪಿದರೆ ಸಿವಂಗಿ ಏದುಸಿರಿಡುತ್ತ ಕುಳಿತುಬಿಡುತ್ತಿತ್ತು. ಹಿಂಡಿನಿಂದ ಬೇರೆಯಾಗಿ, ಬಟ್ಟಬಯಲಿನಲ್ಲಿ, ದೂರಕ್ಕೂ ಎದ್ದುಕಾಣುವ ಕರಿಯ ಮೈಯೊಡನೆ ನಿಂತ ಗಂಡೇ ಇಂಥ ಬೇಟೆಯ ಗುರಿ. ಹೆಣ್ಣಿಗೆ ಕಾಣಲೆಂದು ಪ್ರಕೃತಿ ಕೊಟ್ಟ ಬಣ್ಣವೇ ಕೊಲೆಗಾರನಿಗೂ ಕಾಣುವ ಗುರುತು.

ಆಟದ ಎರಡೂ ಕಡೆಯವರಿಗೆ ಮುಂದೆ ಏನಾಯಿತೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ಸೆರೆಯಲ್ಲಿ ಸಿವಂಗಿಗಳು ಮರಿಹಾಕುವುದು ತೀರ ಅಪರೂಪ. ಆದುದರಿಂದ ಅರಸರಿಗೆ ಬೇಕಾದಾಗಲೆಲ್ಲ ಕಾಡಿನಿಂದಲೇ ಹಿಡಿದು ತರಬೇಕಾಗಿತ್ತು. ಹಿಡಿದು, ಕೊಂದು, ಹುಲ್ಲುಗಾವಲನ್ನು ಉತ್ತು, ಭಾರತದಲ್ಲಿ ಅವುಗಳ ವಂಶವನ್ನೇ ಮುಗಿಸಿದೆವು. ಇಂದಿನ ಛತ್ತೀಸಗಢದಲ್ಲಿರುವ ಕೊರಿಯಾ ಸಂಸ್ಥಾನದಲ್ಲಿ 1947ರಲ್ಲಿ ಗುಂಡಿಗೆ ಬಿದ್ದ ಮೂರು ಸಿವಂಗಿಗಳೇ ಬಹುಶಃ ಕೊನೆಯವು; 1952ರಲ್ಲಿ ಅವು ದೇಶದಿಂದ ನಿರ್ನಾಮವಾದುವೆಂದು ಸರ್ಕಾರ ಸಾರಿತು. 2022ರಲ್ಲಿ ಆಫ್ರಿಕದ ನಮೀಬಿಯಾದಿಂದ ಸಿವಂಗಿಗಳನ್ನು ವಿಮಾನದಲ್ಲಿ ತರಿಸಿ ಮಧ್ಯಪ್ರದೇಶದ ಕೂನೊ ಅರಣ್ಯದಲ್ಲಿ ಬಿಡಲಾಯಿತು. ಒಮ್ಮೆ ಕಳೆದುಕೊಂಡದ್ದನ್ನು ಮರಳಿ ತರುವ ಖರ್ಚು ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ದೀವದ ಗುಟ್ಟು

ಸಿವಂಗಿಯ ಬೇಟೆ ಕಾಲಿನ ವೇಗದ್ದು. ದೀವದ ಬೇಟೆ ಬುದ್ಧಿಯದು. ತರಗತಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೇಟೆಗಾರರು ಒಂದು ಬಲಿಷ್ಠ ಗಂಡು ಹುಲ್ಲೆಯನ್ನು ಸಾಕಿ, ಅದರ ಕೊಂಬುಗಳಿಗೆ ಗಟ್ಟಿಯಾದ ಉರುಳುಗಳನ್ನು ಬಿಗಿಯುತ್ತಿದ್ದರು. ಬೆದೆಗಾಲದಲ್ಲಿ ಅದನ್ನು ಕಾಡುಹಿಂಡಿನ ಕಣ್ಣಿಗೆ ಬೀಳುವಂತೆ ಬಿಟ್ಟು ತಾವು ಮರೆಯಾಗುತ್ತಿದ್ದರು. ತನ್ನ ನೆಲಕ್ಕೆ ಪರಗಂಡೊಂದು ಬಂದುದನ್ನು ಕಂಡ ಒಡೆಯ ಸುಮ್ಮನಿರಲಾರ. ಠೀವಿಯಿಂದ ನಡೆದು ಬರುತ್ತಾನೆ, ತಲೆ ತಗ್ಗಿಸುತ್ತಾನೆ, ಕೊಂಬಿಗೆ ಕೊಂಬು ತಾಗುತ್ತದೆ. ಅಷ್ಟೇ. ಉರುಳು ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೆ ಅಷ್ಟು ಬಿಗಿ. ಅಡಗಿದ್ದವರು ಓಡಿಬಂದು ಹಿಡಿಯುತ್ತಿದ್ದರು.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ವಿದ್ಯೆಯಲ್ಲ. ಅಕ್ಬರನ ಕಾಲದ ‘ಐನ್-ಎ-ಅಕ್ಬರಿ’ಯಲ್ಲಿ ಅಬುಲ್ ಫಜಲನು ಜಿಂಕೆಯಿಂದ ಜಿಂಕೆಯನ್ನು ಹಿಡಿಯುವ ಕ್ರಮವನ್ನು ಬಣ್ಣಿಸಿದ್ದಾನೆ. ಅದಕ್ಕೂ ಬಹಳ ಮುಂಚೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮೃಗಯೆಗೂ ಸ್ಥಾನಕೊಟ್ಟು, ಬೇಟೆಯ ಬಗೆಗಳನ್ನು ಶಾಸ್ತ್ರದಂತೆ ವಿಂಗಡಿಸಿದ್ದಾನೆ. ಹುಲ್ಲೆಯ ಸ್ವಭಾವವನ್ನು ಇಷ್ಟು ಹತ್ತಿರದಿಂದ ಕಂಡವರು ಬೇಟೆಗಾರರೇ ಎಂಬುದನ್ನು ಒಪ್ಪಲೇಬೇಕು. ಇಂದಿನ ಪ್ರಾಣಿಶಾಸ್ತ್ರಜ್ಞರು ದೂರದರ್ಶಕ ಹಿಡಿದು ತಿಂಗಳುಗಟ್ಟಲೆ ಕುಳಿತು ಬರೆದಿಟ್ಟುಕೊಳ್ಳುವ ಸಂಗತಿ ಅವರಿಗೆ ಕರತಲಾಮಲಕವಾಗಿತ್ತು. ಆ ತಿಳಿವನ್ನು ಅವರು ಬಳಸಿದ ಬಗೆ ಮಾತ್ರ ಬೇರೆ.

ಅಕ್ಬರನ ಮಗ ಜಹಾಂಗೀರನಿಗೂ ಒಂದು ಸಾಕಿದ ಹುಲ್ಲೆಯಿತ್ತು. ಹೆಸರು ಮನ್ಸರಾಜ. ಪಳಗಿದ ಹುಲ್ಲೆಗಳ ಕಾಳಗದಲ್ಲಿ ಅದನ್ನು ಸರಿಗಟ್ಟುವ ಜೋಡಿ ಇರಲಿಲ್ಲವಂತೆ. ಅದು ಸತ್ತಾಗ ಬಾದಶಹ ಅದಕ್ಕೆ ಗೋರಿ ಕಟ್ಟಿಸಿದ. ಆ ಬಯಲಿನಲ್ಲಿ ಯಾರೂ ಜಿಂಕೆಯನ್ನು ಬೇಟೆಯಾಡಕೂಡದೆಂದು ಆಜ್ಞೆ ಹೊರಡಿಸಿದ. ಪಾಕಿಸ್ತಾನದ ಶೇಖೂಪುರದಲ್ಲಿ ಹಿರನ್ ಮಿನಾರ್ ಎಂಬ ಆ ಸ್ತಂಭ ಇಂದಿಗೂ ನಿಂತಿದೆ. ನಮ್ಮ ಮಂಡ್ಯ ಜಿಲ್ಲೆಯಲ್ಲಿಯೂ ಇಂಥ ಪ್ರೀತಿಯ ಕಲ್ಲೊಂದಿತ್ತು: ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನ. ಕಾಡುಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿದ ‘ಕಾಳಿ’ ಎಂಬ ಬೇಟೆನಾಯಿಗಾಗಿ ನೆಟ್ಟದ್ದು. ಅದೀಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಗಾರನ ಎದೆಯಲ್ಲಿ ಕರುಣೆಗೆ ಎಡೆಯೇ ಇರಲಿಲ್ಲವೆಂದು ಹೇಳಲಾಗದು. ಆದರೆ ಆ ಕರುಣೆ ಅವನ ಕಡೆ ನಿಂತು ಕಾದಿದ ಪ್ರಾಣಿಗೆ ಸಲ್ಲುತ್ತಿತ್ತು. ಎದುರು ಬದಿಯ ಮೃಗದ ಪರವಾಗಿ ಮಾತನಾಡಿದವರು ಯಾರು? ಅದಕ್ಕೆ ಮುಂದಿನ ಊರಿಗೆ ಹೋಗಬೇಕು.

ಕುಂತಿಯ ಬೆಟ್ಟದ ಕೆಳಗೆ

ಪಾಂಡವಪುರಕ್ಕೆ ಹಿಂದೆ ಹಿರೋಡೆಯೆಂದು ಹೆಸರು. ಹೈದರ್, ಟೀಪು ಇವರ ಸೈನ್ಯದಲ್ಲಿದ್ದ ಫ್ರೆಂಚರು ಇಲ್ಲಿ ಬೀಡುಬಿಟ್ಟಿದ್ದುದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಬಹುಕಾಲ ನಡೆಯಿತು. ಊರಿನ ಪಕ್ಕದಲ್ಲೇ ಬಂಡೆಗಳನ್ನು ಒಟ್ಟಿದಂತಿರುವ ಕುಂತಿಬೆಟ್ಟ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂದು ಜನರ ನಂಬಿಕೆ. ರಜಾದಿನಗಳಲ್ಲಿ ತರುಣರು ಗುಂಪುಗುಂಪಾಗಿ ಬಂದು ಹತ್ತುತ್ತಾರೆ. ಮೇಲೆ ನಿಂತರೆ ಒಂದು ಕಡೆ ನಾಲೆಯ ಹಸುರು, ಇನ್ನೊಂದು ಕಡೆ ಮೇಡಿನ ಕೆಂಪು. ಜಿಲ್ಲೆಯ ಎರಡು ಮುಖಗಳೂ ಒಂದೇ ನೋಟದಲ್ಲಿ ಕಾಣುತ್ತವೆ.

ಬೆಟ್ಟ ಹತ್ತುವವರೆಲ್ಲ ಭೀಮನ ಸಾಹಸದ ಕಥೆ ಹೇಳುತ್ತಾರೆ. ಕುಂತಿ ಗಂಡನಿಲ್ಲದೆ ಮಕ್ಕಳನ್ನು ಕಟ್ಟಿಕೊಂಡು ಬದುಕಬೇಕಾಗಿ ಬಂದುದೇಕೆ ಎಂಬುದನ್ನು ನೆನೆಯುವವರು ಕಡಿಮೆ. ಅದಕ್ಕೆ ಕಾರಣ ಒಂದು ಜಿಂಕೆಯ ಬೇಟೆ. ಆದಿಪರ್ವದ ಕಥೆ ಎಲ್ಲರಿಗೂ ತಿಳಿದದ್ದೇ: ಪಾಂಡುರಾಜ ಕಾಡಿನಲ್ಲಿ ಕೂಡುತ್ತಿದ್ದ ಜಿಂಕೆಯ ಜೋಡಿಯನ್ನು ಕಂಡು ಐದು ಬಾಣಗಳನ್ನೆಸೆದ. ಗಂಡು ಜಿಂಕೆ ನೆಲಕ್ಕೆ ಬಿದ್ದು ಮನುಷ್ಯರ ದನಿಯಲ್ಲಿ ಗೋಳಿಟ್ಟಿತು. ಅವನು ಜಿಂಕೆಯ ರೂಪ ತಾಳಿದ್ದ ಕಿಂದಮನೆಂಬ ಮುನಿ.

ಇಲ್ಲಿ ನಡೆಯುವ ವಾದವನ್ನು ಮಾತ್ರ ನಾವು ಅವಸರದಿಂದ ದಾಟಿಬಿಡುತ್ತೇವೆ. ಪಾಂಡು ಸುಲಭವಾಗಿ ತಪ್ಪೊಪ್ಪುವುದಿಲ್ಲ. ಮೃಗಗಳನ್ನು ಕೊಲ್ಲುವುದು ಅರಸನ ಧರ್ಮ. ಎದುರು ನಿಂತಾದರೂ, ಮರೆಯಲ್ಲಿ ನಿಂತಾದರೂ ಕೊಲ್ಲಬಹುದು. ಅಗಸ್ತ್ಯರಂಥವರೂ ಯಜ್ಞಕ್ಕಾಗಿ ಮೃಗಗಳನ್ನು ಬೇಟೆಯಾಡಿದರು. ಹೀಗಿರುವಾಗ ನನ್ನನ್ನು ಬೈಯುವುದೇಕೆ ಎಂದು ಅವನ ಪ್ರಶ್ನೆ. ವಕೀಲರು ಮೆಚ್ಚುವಂಥ ವಾದ. ಮುನಿಯ ಉತ್ತರ ಅದಕ್ಕಿಂತ ಸೂಕ್ಷ್ಮ. ನೀನು ಜಿಂಕೆಯನ್ನು ಕೊಂದೆಯೆಂದು ನಾನು ದೂರುತ್ತಿಲ್ಲ. ನಮ್ಮ ಕೂಟ ಮುಗಿಯುವವರೆಗೆ ಕಾಯುವಷ್ಟು ದಯೆ ನಿನಗಿರಬೇಕಿತ್ತು. ಎಲ್ಲ ಪ್ರಾಣಿಗಳಿಗೂ ಪ್ರಿಯವೂ ಹಿತವೂ ಆದ ಹೊತ್ತಿನಲ್ಲಿ ಬಾಣ ಬಿಟ್ಟೆ ಎಂಬುದು ಅವನ ಆಕ್ಷೇಪ. ಆಕ್ಷೇಪ ಕೊಲೆಯ ಮೇಲಲ್ಲ, ಹೊತ್ತಿನ ಮೇಲೆ! ಶಾಪವೂ ಅದಕ್ಕೆ ತಕ್ಕಂತೆ: ನೀನೂ ಹೆಂಡತಿಯನ್ನು ಕೂಡುವ ಹೊತ್ತಿನಲ್ಲೇ ಸಾಯುವೆ. ವಸಂತ ಕಾಲದ ಒಂದು ದಿನ ಮಾದ್ರಿಯ ಬಳಿ ಸಾರಿದ ಪಾಂಡು ಹಾಗೆಯೇ ಸತ್ತ. ಮಾದ್ರಿ ಸಹಗಮನ ಮಾಡಿದಳು. ಐವರು ಮಕ್ಕಳ ಭಾರ ಕುಂತಿಯ ಮೇಲೆ ಬಿತ್ತು.

ಈ ಬೆಟ್ಟದ ಕೆಳಗೆ ಕುಳಿತಾಗ ನನಗೆ ಹೊಳೆದದ್ದು ಇನ್ನೊಂದು ಸಂಗತಿ. ನಮ್ಮ ಎರಡು ಮಹಾಕಾವ್ಯಗಳ ಬೇರಿನಲ್ಲೂ ಇದೇ ಅಪರಾಧವಿದೆ. ತಮಸಾ ನದಿಯ ದಡದಲ್ಲಿ ಬೇಡನೊಬ್ಬ ಕೂಡಿದ್ದ ಕ್ರೌಂಚಗಳಲ್ಲಿ ಗಂಡನ್ನು ಹೊಡೆದ, ವಾಲ್ಮೀಕಿಯ ಶೋಕ ಶ್ಲೋಕವಾಯಿತು, ರಾಮಾಯಣ ಹುಟ್ಟಿತು. ಪಾಂಡು ಜಿಂಕೆಯನ್ನು ಹೊಡೆದ. ವಂಶ ದೇವತೆಗಳ ವರದಿಂದ ಬೆಳೆಯಬೇಕಾಯಿತು. ಭಾರತದ ಕಥೆ ಸಾಗಿತು. ಕಾಳಿದಾಸನೂ ‘ಶಾಕುಂತಲ’ವನ್ನು ಜಿಂಕೆಯ ಬೇಟೆಯಿಂದಲೇ ಆರಂಭಿಸುತ್ತಾನೆ. ಆಶ್ರಮದ ಮೃಗ, ಕೊಲ್ಲಬೇಡ ಎಂದು ತಪಸ್ವಿ ತಡೆಯುತ್ತಾನೆ. ದುಷ್ಯಂತ ಹೂಡಿದ ಬಾಣವನ್ನು ಇಳಿಸುತ್ತಾನೆ. ಎರಡನೆಯ ಅಂಕದಲ್ಲಿ ವಿದೂಷಕನ ಗೊಣಗಾಟ: ಬೇಸಗೆಯ ನಡುಹಗಲಿನಲ್ಲೂ ನೆರಳಿಲ್ಲದ ಕಾಡಿನಲ್ಲಿ ‘ಇಗೋ ಜಿಂಕೆ, ಅಗೋ ಹಂದಿ’ ಎಂದು ಅಲೆದು ಸಾಕಾಯಿತೆಂದು. ಆದರೆ ಆ ವೇಳೆಗೆ ದುಷ್ಯಂತನಿಗೆ ಬೇಟೆಯ ಮೇಲೆ ಮನಸ್ಸಿಲ್ಲ. ಶಕುಂತಲೆಯನ್ನು ಕಂಡವನಿಗೆ, ಅವಳಿಗೆ ನೋಟ ಕಲಿಸಿದ ಜಿಂಕೆಯ ಮೇಲೆ ಬಿಲ್ಲೆತ್ತಲು ಕೈ ಬಾರದು. ಬೇಟ ಬಂದಲ್ಲಿ ಬೇಟೆ ನಿಂತಿತು. ಪಾಂಡು ಮಾಡಲಾರದ್ದನ್ನು ದುಷ್ಯಂತ ಮಾಡಿದ.

ತೋಳದ ನಾಡು

ಪಾಂಡವಪುರ ಬಿಟ್ಟ ಬಸ್ಸು ಜಕ್ಕನಹಳ್ಳಿಗೆ ಬಂದಾಗ ಪ್ರಯಾಣಿಕರಲ್ಲಿ ಹಲವರು ಇಳಿದರು. ಮೇಲುಕೋಟೆಯ ಚೆಲುವನಾರಾಯಣನ ದರ್ಶನಕ್ಕೆ ಹೋಗುವವರಿಗೆ ದಾರಿ ಇಲ್ಲಿಂದ ತಿರುಗುತ್ತದೆ. ಆ ಬೆಟ್ಟಗಳ ಸುತ್ತಿನ ಕುರುಚಲು ಕಾಡು 1974ರಿಂದ ವನ್ಯಧಾಮ. ವಿಸ್ತಾರ ಸುಮಾರು 50 ಚದರ ಕಿಲೋಮೀಟರು. ಅದನ್ನು ಕಾಪಾಡಿದ್ದು ಹುಲಿಗಾಗಿಯೂ ಅಲ್ಲ, ಆನೆಗಾಗಿಯೂ ಅಲ್ಲ, ತೋಳಕ್ಕಾಗಿ.

ತೋಳದ ವಿಚಾರ ಇಲ್ಲೇಕೆ ಎಂದು ವಾಚಕರು ಕೇಳಬಹುದು. ಬಯಲುನಾಡಿನ ತೋಳಕ್ಕೆ ಹುಲ್ಲೆಯೇ ಪ್ರಕೃತಿ ಬಡಿಸಿದ ಊಟ. ಹುಲ್ಲೆ ಹೋದ ಕಡೆ ತೋಳ ಕುರಿಹಟ್ಟಿಯ ಕಡೆ ತಿರುಗುತ್ತದೆ. ಕುರುಬನ ಶಾಪಕ್ಕೂ ಕೋಲಿಗೂ ಗುರಿಯಾಗುತ್ತದೆ. ನಾವು ‘ಕುರಿಕಳ್ಳ’ ಎಂದು ಬೈಯುವ ಮೃಗ, ತನ್ನ ಪಾಲಿನ ತಟ್ಟೆಯನ್ನು ಕಸಿದುಕೊಂಡವರ ಮನೆಗೆ ಬಂದ ಅತಿಥಿ. ಬೆದೆಗಾಲದಲ್ಲಿ ಬಿದ್ದ ಒಂದು ಗಂಡು ಹುಲ್ಲೆಯಿಂದ ಲೋಕ ಮುಳುಗಲಿಲ್ಲ. ಆದರೆ ಬಂದೂಕು ಬಂದ ಮೇಲೆ, ಜೀಪು ಬಂದ ಮೇಲೆ, ಬಯಲೆಲ್ಲ ಹೊಲವಾದ ಮೇಲೆ, ಮೃಗಕ್ಕೆ ಎಲ್ಲಿಯೂ ಮರೆ ಉಳಿಯಲಿಲ್ಲ. ಹುಲ್ಲೆ ಗಬ್ಬವಾದರೆ ಮರಿಯಾಗಲು ಸುಮಾರು ಆರು ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಕೊಲ್ಲುವ ವೇಗಕ್ಕೆ ಹುಟ್ಟುವ ವೇಗ ಸಾಟಿಯಾಗಲಿಲ್ಲ.

ದೇವಲಾಪುರದ ನಡುಹಗಲು

ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿಗೆ ಕೈಮುಗಿದು, ಮುಂದಿನ ಬಸ್ಸಿನಲ್ಲಿ ದೇವಲಾಪುರ ಸೇರಿದಾಗ ಹೊತ್ತು ಹನ್ನೊಂದಾಗಿತ್ತು. ಶಿಷ್ಯನ ಮನೆಯಲ್ಲಿ ಪಾನಕ, ಮಜ್ಜಿಗೆಗಳ ಉಪಚಾರವಾಯಿತು. ತಾತನವರಿಗೆ ಎಂಬತ್ತರ ಹತ್ತಿರ ವಯಸ್ಸು. ಕಣ್ಣು ಚುರುಕು, ಕಿವಿ ಕೊಂಚ ಮಂದ. “ಬನ್ನಿ ಮೇಷ್ಟ್ರೇ, ಇದೇ ಸರಿಯಾದ ಹೊತ್ತು” ಎಂದು ಟವಲನ್ನು ತಲೆಗೆ ಸುತ್ತಿ ಹೊರಟೇಬಿಟ್ಟರು. ಊರಾಚೆಯ ಬೋರೆಯ ಮೇಲೆ ಒಂದು ಆಲದ ಮರ. ಅದರ ಕೆಳಗೆ ಕುಳಿತೆವು.

ನಡುಹಗಲೆಂದರೆ ಏನೆಂಬುದು ನಗರದ ಬೀಸಣಿಗೆಯ ಕೆಳಗೆ ಕುಳಿತವರಿಗೆ ತಿಳಿಯದು. ಬಂಡೆಗಳ ಮೇಲೆ ಗಾಳಿ ಬಿಸಿಯಾಗಿ ನಡುಗುತ್ತಿತ್ತು. ದನಗಾಹಿ ಹುಡುಗರು ದನಗಳನ್ನು ನೆರಳಿಗೆ ಹೊಡೆದು ತಾವೂ ಮಲಗಿದ್ದರು. ಎಲ್ಲೋ ಕೌಜುಗದ ಒಂದೆರಡು ಕೂಗು. ದೂರದಲ್ಲಿ ನವಿಲಿನ ದನಿ. ನವಿಲಿಗೆ ಈ ತಾಲ್ಲೂಕಿನಲ್ಲಿ ಆಶ್ರಯವಿದೆ; ಆದಿಚುಂಚನಗಿರಿಯ ಬೆಟ್ಟದ ಸುತ್ತು 1981ರಿಂದ ನವಿಲುಧಾಮ. ನಮ್ಮ ಎದುರಿನ ಬಯಲು ಮಾತ್ರ ಖಾಲಿ. ಹುಲ್ಲಿದೆ, ಬಿಸಿಲಿದೆ, ಬೆದೆಗಾಲವೂ ಬಂದಿದೆ, ಹುಲ್ಲೆಯಿಲ್ಲ.

“ನಮ್ಮಪ್ಪನ ಕಾಲ್ದಲ್ಲಿ ಇಲ್ಲೆಲ್ಲ ಇದ್ವಂತೆ. ನಾನು ಕಾಣ್ನಿಲ್ಲ” ಎಂದರು ತಾತ. “ಗೌಡ್ರೇ, ಬೇಟೆಗೆ ಬೆಳಗಿನ ಜಾವವೇ ಒಳ್ಳೇದಲ್ಲವೇ? ನಡುಹಗಲಲ್ಲಿ ಯಾಕೆ ಹೋಗುತ್ತಿದ್ದರು?” ಎಂದು ಕೇಳಿದೆ. ತಾತ ನಕ್ಕರು. “ಬೆದೆಗೆ ಬಂದ ಗಂಡಿಗೆ ಹೊತ್ತಾರೆ ಅಂತಿಲ್ಲ, ಮದ್ಯಾನ ಅಂತಿಲ್ಲ ಮೇಷ್ಟ್ರೇ. ಕಣ್ಣಿದ್ರೂ ಕಾಣಾಕಿಲ್ಲ, ಕಿವಿಯಿದ್ರೂ ಕೇಳಾಕಿಲ್ಲ. ಬೇರೆ ದಿನ ನೂರು ಮಾರು ದೂರ್ದಲ್ಲೇ ಓಡೋ ಪ್ರಾಣಿ, ಅವತ್ತು ಕಲ್ಲೆಸೆದ್ರೆ ಬೀಳೋಷ್ಟು ಹತ್ರ ಬಂದು ನಿಂತ್ಕತದೆ.” ಅವರ ತಂದೆ ಹೇಳುತ್ತಿದ್ದರಂತೆ: ಇಬ್ಬರು ಗಾಳಿಗೆದುರಾಗಿ ಪೊದೆಯಲ್ಲಿ ಕೂರುವುದು, ಮತ್ತೊಬ್ಬ ದೂರದಿಂದ ಎತ್ತು ಹೊಡೆದುಕೊಂಡು ಹೋಗುವವನ ಹಾಗೆ ನಡೆಯುವುದು, ಗಂಡು ಎತ್ತಿನ ಕಡೆ ನೋಡುತ್ತಿರುವಾಗ ಹೊಡೆಯುವುದು. ಸುಸ್ತಾಗಿ, ಮೇವು ಬಿಟ್ಟು ಸೊರಗಿದ ಗಂಡಿನ ಮೈಯಲ್ಲಿ ಆ ಕಾಲಕ್ಕೆ ಕೊಬ್ಬೂ ಇರುತ್ತಿರಲಿಲ್ಲ, ರುಚಿಯೂ ಇರುತ್ತಿರಲಿಲ್ಲ. “ಆದ್ರೂ ಹೊಡೀತಿದ್ರು. ಸುಲಬವಾಗಿ ಸಿಕ್ತದಲ್ಲ!”

ಸ್ವಲ್ಪ ಹೊತ್ತು ಸುಮ್ಮನಿದ್ದು ತಾತ ಮತ್ತೊಂದು ಮಾತು ಹೇಳಿದರು. ಒಮ್ಮೆ ಅವರ ಮನೆಯ ಗಂಡಸರು ಹೆಣ್ಣಿನ ಜೊತೆಯಲ್ಲಿದ್ದ ಗಂಡನ್ನು ಹೊಡೆದು ಹೊತ್ತು ತಂದರಂತೆ. ಹೆಣ್ಣು ಊರಿನ ಹೊಲದಂಚಿನವರೆಗೂ ಹಿಂದೆಯೇ ಬಂದು ನಿಂತಿತ್ತಂತೆ. ಇದನ್ನು ತಿಳಿದ ಅವರ ಅಜ್ಜಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುಳಿತು, “ಜೋಡಿ ಮುರಿದು ತಂದ ಬಾಡು ನಮ್ಮನೆ ಒಲೆ ಮ್ಯಾಲೆ ಬೇಯಾಕಿಲ್ಲ” ಎಂದುಬಿಟ್ಟರಂತೆ. ಆ ಮನೆಯಲ್ಲಿ ಸೊಸೆ ಆಗ ತುಂಬಿದ ಬಸುರಿ. ಗಂಡಸರು ಗದರಿಸಿದರು, ಬೇಡಿದರು, ಮುದುಕಿ ಕದಲಲಿಲ್ಲ. ಕೊನೆಗೆ ಬಾಡನ್ನು ಬೇರೆಯವರು ಒಯ್ದರು. “ಅಲ್ಲಿಂದಾಚೆಗೆ ನಮ್ಮನೇವ್ರು ಯುಗಾದಿಯಿಂದ ಮುಂಗಾರು ಬೀಳೋಗಂಟ ಹುಲ್ಲೆ ಬೇಟೆಗೆ ಹೋಗ್ನಿಲ್ಲ. ಮುದುಕಿ ಇರೋಗಂಟ ಹೋಗ್ನಿಲ್ಲ” ಎಂದು ಮಾತು ಮುಗಿಸಿದರು. ನನಗೆ ಕಿಂದಮ ಮುನಿಯ ನೆನಪಾಯಿತು. ಆ ಮುದುಕಿ ಓದು ಬಲ್ಲವರಲ್ಲ. ಆದರೆ ಪಾಂಡುವಿನ ಆಸ್ಥಾನದಲ್ಲಿ ಆಕೆಯಂಥವರೊಬ್ಬರು ಇದ್ದಿದ್ದರೆ!

ಈಗ ಎಲ್ಲಿ ಕಾಣಬಹುದು?

ಹುಲ್ಲೆಯನ್ನು ಕಾಣಬಯಸುವವರು ದೇವಲಾಪುರದಿಂದ ಮುಂದಕ್ಕೆ ಹೋಗಬೇಕು. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ವಿಸ್ತೀರ್ಣ 798 ಎಕರೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ದೂರ. ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಚಿಕ್ಕಮಗಳೂರು ಜಿಲ್ಲೆಯ ಬಾಸೂರಿನ ಅಮೃತಮಹಲ್ ಕಾವಲಿನಲ್ಲಿಯೂ ಹಿಂಡುಗಳಿವೆ. ಮೈಸೂರಿನ ಅರಸರು ತಮ್ಮ ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲು, ಯಾರೂ ನೆನೆಯದ ರೀತಿಯಲ್ಲಿ ಹುಲ್ಲೆಯ ಕುಲವನ್ನೂ ಉಳಿಸಿತು. ಮಕ್ಕಳೊಡನೆ ಹೋಗುವವರು ಬೆದೆಗಾಲದಲ್ಲಿ ಹೋದರೆ ಒಳ್ಳೆಯದು. ನೀರು ಮತ್ತು ಛತ್ರಿ ಕಡ್ಡಾಯ. ವಾಹನದಿಂದಿಳಿದು ಅಟ್ಟಿಸಿಕೊಂಡು ಹೋಗಬಾರದು. ಮರೆಯಲ್ಲಿ ಸುಮ್ಮನೆ ಕುಳಿತರೆ ಕರಿಯ ಗಂಡು ತಾನೇ ಕಣ್ಣಿಗೆ ಬೀಳುತ್ತದೆ. ಹಳೆಯ ಬೇಟೆಗಾರನ ತಿಳಿವೆಲ್ಲ ಈಗ ನೋಡುವವನ ಉಪಯೋಗಕ್ಕೆ ಬರುತ್ತದೆ: ಗಾಳಿ ಎತ್ತಣಿಂದ, ಹಿಕ್ಕೆಯ ಗುಡ್ಡೆ ಎಲ್ಲಿ, ನೆಲದ ಒಡೆಯ ಯಾರು. ಬಿಲ್ಲಿನ ಜಾಗದಲ್ಲಿ ದೂರದರ್ಶಕವಿದ್ದರೆ ಸಾಕು.

ಮೈಸೂರು ಸಂಸ್ಥಾನದಲ್ಲಿ ಬೇಟೆಯ ಮೃಗಗಳ ರಕ್ಷಣೆಗೆ 1901ರಷ್ಟು ಹಿಂದೆಯೇ ಕಾನೂನಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಗಿ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. ಕೊಂದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಮನೆವಾಸ. ಈಗ ಬೆದೆಗಾಲ, ಬೇರೆ ಕಾಲ ಎಂಬ ಭೇದವಿಲ್ಲ. ವರ್ಷದ ಎಲ್ಲ ದಿನವೂ ನಿಷೇಧವೇ. ಇದು ಆಗಲೇಬೇಕಾಗಿದ್ದ ಕೆಲಸ. ಆದರೆ ಕಾಯಿದೆ ಪೂರ್ತಿ ಬಾಗಿಲು ಹಾಕಬೇಕಾಗಿ ಬಂದದ್ದು, ಕಾಯಬೇಕಾದ ಹೊತ್ತಿನಲ್ಲಿ ನಾವು ಕಾಯಲಿಲ್ಲವೆಂಬ ಕಾರಣಕ್ಕೆ. ‘ಈ ಹೊತ್ತಿನಲ್ಲಿ ಬೇಡ’ ಎಂಬ ಸಣ್ಣ ಮಾತನ್ನು ಮುನಿ ಹೇಳಿದ್ದ. ದೇವಲಾಪುರದ ಒಲೆಯ ಮುಂದೆ ಮುದುಕಿಯೊಬ್ಬಳು ಹೇಳಿದ್ದಳು. ಆ ಮಾತನ್ನು ಊರೂರಿನ ಒಲೆಗಳ ಮುಂದೆಯೂ ಹೇಳಿದ್ದರೆ, ಆಲದ ಮರದ ಕೆಳಗೆ ಕುಳಿತವರಿಗೆ ಎದುರಿನ ಬೋರೆ ಅಷ್ಟು ಬರಿದಾಗಿ ಕಾಣುತ್ತಿರಲಿಲ್ಲ.